ಪೌರತ್ವಕ್ಕೆ ಕಾಯುತ್ತಿದ್ದಾಗ ಆಯಿಯ ಮದುವೆ

ತೇಲ್ನಾಡು, ಬಡಗಣ ಸಾಲು
ಫೆಬ್ರವರಿ ಮೂವತ್ತು, 2231

ಇನ್ನೂರು ವರ್ಷ ಹಿಂದೆ ಇರುವ ಓದುಗರಿಗೆ,

ತಾರೀಖು ಬರೆಯುವಾಗ ನನ್ನ ಕೈ ತಪ್ಪಿಲ್ಲ. ನಿಮ್ಮ ಕಾಲದವರು ಫೆಬ್ರವರಿಗೆ ಅನ್ಯಾಯ ಮಾಡಿದ್ದಾರೆಂದು ನಮ್ಮ ಹಿರಿಯರಿಗೆ ಅನ್ನಿಸಿ, ಉದ್ದ ತಿಂಗಳುಗಳಿಂದ ಎರಡು ದಿನ ಎತ್ತಿ ಅದಕ್ಕೆ ಕೊಟ್ಟರು. ಹಾಗೆಯೇ ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವಾಗಿ ಕೇಳಿಸಬಹುದು, ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾವು ಶಾಲೆಯಲ್ಲಿ ಕಲಿಯುತ್ತೇವೆ, ಆದರೆ ಬಾಯಲ್ಲಿ ಇರುವುದು ನಮ್ಮದೇ.

ನಿಮ್ಮ ಕಾಲದಲ್ಲೂ ಜನ ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಬಾಳಿ, ಪೌರತ್ವಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರೆಂದು ಓದಿದ್ದೇನೆ. ಕಾಯುವಾಗ ಊರಿಗೆ ಹೋಗಿ ಬರಬಹುದೇ, ಹೋದರೆ ಅರ್ಜಿಯ ಗತಿಯೇನು ಎಂದು ಒದ್ದಾಡುತ್ತಿದ್ದರಂತೆ. ಅಂಥ ಯಾರಿಗಾದರೂ ಈ ಕಾಗದ ಸಿಗಲಿ ಎಂಬ ಆಸೆಯಿಂದ, ನನಗೆ ಮೂವತ್ತೆಂಟು ವರ್ಷವಾಗಿದ್ದಾಗ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ನಾಡಿನ ವಿಷಯ ಹೇಳಬೇಕು. ನಿಮ್ಮ ಕಾಲದ ದಂಡೆಯ ಬಹುಭಾಗ ಈಗ ನೀರಿನಡಿ ಇದೆ. ಕೆಲವರು ಗುಡ್ಡ ಹತ್ತಿದರು. ಅವರ ದೇಶಕ್ಕೆ ಗುಡ್ಡನಾಡು ಎಂದು ಹೆಸರು. ಇನ್ನು ಕೆಲವರು ನೀರಿನ ಮೇಲೆಯೇ ಉಳಿದರು, ಅದು ತೇಲ್ನಾಡು. ನಮ್ಮ ಮನೆಗಳು ದೊಡ್ಡ ಪೊಳ್ಳು ಪೀಪಾಯಿಗಳ ಮೇಲೆ ನಿಂತಿವೆ, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಬಿಗಿದಿವೆ. ಮಳೆಗಾಲಕ್ಕೆ ಮೊದಲು ಹಗ್ಗ ಬಿಚ್ಚಿ ಇಡೀ ಬೀದಿಯನ್ನು ಗಾಳಿಗೆ ಬೆನ್ನು ಮಾಡಿ ತಿರುಗಿಸುತ್ತೇವೆ, ಆದ್ದರಿಂದ ವರ್ಷಕ್ಕೊಮ್ಮೆ ಎಲ್ಲರಿಗೂ ಹೊಸ ನೆರೆಮನೆ. ಕುಡಿಯುವ ನೀರನ್ನು ಮಂಜುಬಲೆಯಲ್ಲಿ ಹಿಡಿಯುತ್ತೇವೆ: ಚಾವಣಿಯ ಮೇಲೆ ಕಟ್ಟಿದ ತೆಳುಬಲೆಗೆ ಬೆಳಗಿನ ಮಂಜು ತಾಗಿ ಹನಿಯಾಗಿ ಕೊಡಕ್ಕೆ ಇಳಿಯುತ್ತದೆ. ಅದೇ ಬಲೆಗೆ ಬಸಳೆ ಬಳ್ಳಿ ಹಬ್ಬಿಸದ ಮನೆಯಿಲ್ಲ. ನನ್ನ ಕೆಲಸ ತಳನೋಟ. ಎಂದರೆ, ಮನೆಗಳ ಕೆಳಗೆ ಮುಳುಗಿ ಪೀಪಾಯಿಗಳಲ್ಲಿ ಬಿರುಕು ಬಿಟ್ಟಿದೆಯೋ, ಚಿಪ್ಪು ಕಚ್ಚಿದೆಯೋ ಎಂದು ನೋಡುವುದು. ಮೇಲೆ ಮನೆಯವರು ಒಗ್ಗರಣೆ ಹಾಕುವ ಸದ್ದು, ಮಕ್ಕಳು ಕುಣಿಯುವ ಸದ್ದು ನೀರಿನೊಳಗೆ ಕೇಳುತ್ತಿರುತ್ತದೆ. ನನಗೆ ಈ ಕೆಲಸವೆಂದರೆ ಬಲು ಇಷ್ಟ.

ನಾನು ಹುಟ್ಟಿದ್ದು ಗುಡ್ಡನಾಡಿನ ಕಲ್ಲೇರಿಯಲ್ಲಿ. ಹೆಸರು ಗಿರಿಜೆ ಹರಿಕಂತ್ರ. ಅಪ್ಪ ನಾನು ಮಗುವಾಗಿದ್ದಾಗಲೇ ತೀರಿಕೊಂಡ. ಆಯಿ, ಎಂದರೆ ನನ್ನ ತಾಯಿ ತುಳಸಿ, ಒಣಮೀನು ಮಾರಿ ನನ್ನನ್ನು ಬೆಳೆಸಿದಳು, ಈಜು ಕಲಿಸಿದಳು, ತಳನೋಟ ಕಲಿಯಲು ತೇಲ್ನಾಡಿಗೆ ಕಳಿಸಿದಳು. ಕಲಿತ ಮೇಲೆ ನಾನು ಅಲ್ಲೇ ನಿಂತೆ. ಅರ್ಜಿ ಹಾಕಿ ಪೌರತ್ವಕ್ಕೆ ಕಾಯುವವರನ್ನು ಇಲ್ಲಿ ಹೊಸ್ತಿಲವರು ಎನ್ನುತ್ತಾರೆ. ಒಳಗೂ ಅಲ್ಲ, ಹೊರಗೂ ಅಲ್ಲ. ಹೊಸ್ತಿಲವರಿಗೆ ಕೆಲಸವಿದೆ, ಮನೆಯಿದೆ, ಆಸ್ಪತ್ರೆಯಿದೆ. ಇಲ್ಲದ್ದು ಒಂದೇ: ಹೊರನಾಡಿನವರನ್ನು ಮನೆಗೆ ಕರೆಯುವ ಹಕ್ಕು. ಹತ್ತಿರ ಹತ್ತಿರ ಹತ್ತು ವರ್ಷ ನಾನು ಹೊಸ್ತಿಲವಳಾಗಿದ್ದೆ. ಅಷ್ಟು ವರ್ಷವೂ ಆಯಿ ನನ್ನ ಮನೆಯನ್ನು ಕಂಡಿರಲಿಲ್ಲ.

ಆ ವರ್ಷ ಚಳಿಗಾಲದ ಕೊನೆಯಲ್ಲಿ ಆಯಿಯಿಂದ ದನಿಟಪಾಲು ಬಂತು. ನಾವು ದೂರದವರಿಗೆ ಬರೆಯುವುದಕ್ಕಿಂತ ಮಾತನ್ನೇ ಕಳಿಸುವುದು ಹೆಚ್ಚು. ಆಯಿಯ ಮಾತು ಹೀಗಿತ್ತು:

"ಮಗಾ, ನಂಗೆ ಮದ್ವೆ ಆಗುಕೆ ಮನಸಾಗದೆ. ದೋಣಿ ಜಟ್ಟಪ್ಪ ಕೇಳ್ದ, ನಾ ಹೂಂ ಅಂದೆ. ಆದ್ರೆ ನೀ ಬರೂವರೆಗೆ ತಾಳಿಗೆ ಕುತ್ತಿಗೆ ಕೊಡುದಿಲ್ಲ ಅಂದೂ ಹೇಳಿದೆ. ಬೇಗ ಬಾ. ಅಂವಗೆ ಈಗ್ಲೇ ಅರವತ್ತೇಳು."

ಎರಡು ಸಲ ಕೇಳಿಸಿಕೊಂಡೆ. ಮೊದಲ ಸಲ ನಕ್ಕೆ. ಎರಡನೆಯ ಸಲ ಅತ್ತೆ, ಯಾಕೆಂದು ಗೊತ್ತಿಲ್ಲ, ದುಃಖಕ್ಕಂತೂ ಅಲ್ಲ.

ಗೆಳತಿಯರೆಲ್ಲ ಹೋಗಬೇಡ ಎಂದರು. ಅರ್ಜಿ ಬಾಕಿ ಇರುವಾಗ ಗಡಿ ದಾಟಿದರೆ ಹೆಸರೇ ಹೊಡೆದುಹಾಕುತ್ತಾರೆ ಎಂದು ಒಬ್ಬಳು ಹೇಳಿದಳು. ಅವಳಿಗೆ ಯಾರೋ ಹೇಳಿದ್ದರಂತೆ. ನಾನು ನೇರ ಪೌರತ್ವ ಕಚೇರಿಗೆ ಹೋಗಿ, ಮದುವೆಗೆಂದು ಊರಿಗೆ ಹೋಗಿ ಬರಬಹುದೇ ಎಂದು ಕೇಳಿದೆ. ಅಲ್ಲಿ ಕುಳಿತಿದ್ದವರು ರೊಜಿನಬಾಯಿ. ದಪ್ಪ ಕನ್ನಡಕ, ತುರುಬಿನಲ್ಲಿ ಸದಾ ಒಂದು ಪೆನ್ನು.

"ಹೋಗಬಾರದು ಅಂತ ಕಾನೂನಿಲ್ಲ," ಅಂದರು ಅವರು. "ಮರಳುಮುದ್ರೆ ಹಾಕಿಸ್ಕೊಂಡು ಹೋದ್ರೆ ವಾಪಸ್ ಒಳಗೆ ಬಿಡ್ತಾರೆ. ಅರ್ಜಿಗೂ ಏನೂ ಆಗೂದಿಲ್ಲ. ಆದ್ರೆ ಪೌರತ್ವದ ಪ್ರಮಾಣ ಮಾಡೂಕೆ ಕರೆ ಬಂದ್ರೆ ಮೂರನೇ ಸಂಜೆ ಸೂರ್ಯ ಮುಳುಗೂ ಮೊದಲು ನೀನು ಇಲ್ಲಿ ಬಂದು ನಿಲ್ಬೇಕು. ನಿಲ್ಲದಿದ್ರೆ ಅರ್ಜಿ ಮುಚ್ಚಿತು. ಮತ್ತೆ ಮೊದಲಿಂದ."

"ಕರೆ ಯಾವಾಗ ಬರಬಹುದು ಬಾಯಿ?"

"ಅದು ನಂಗೆ ಗೊತ್ತಿದ್ದಿದ್ರೆ ನನ್ನನ್ನು ಇದಕ್ಕಿಂತ ಒಳ್ಳೆ ಕುರ್ಚಿಯಲ್ಲಿ ಕೂರಿಸ್ತಿದ್ರು ಮಾರಾಯ್ತಿ. ನಾಳೆ ಬರಬಹುದು, ಇನ್ನೆರಡು ವರ್ಷ ಬರದೇ ಇರಬಹುದು. ಯಾರ ಮದುವೆ, ತಂಗಿದಾ?"

"ಅಮ್ಮಂದು."

ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ಆಮೇಲೆ ಮುದ್ರೆಯನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ಮೇಜಿನ ಮೇಲಿದ್ದ ಚಹಾ ಚೆಲ್ಲಿತು. "ಹೋಗು. ಅಲ್ಲಿನ ವಿಳಾಸ ಕೊಟ್ಟು ಹೋಗು. ಬಳೆ ಮಾತ್ರ ಕೈಯಿಂದ ತೆಗೀಬೇಡ," ಅಂದರು.

ಬಳೆ ಎಂದರೆ ಕರೆಬಳೆ. ಪ್ರತಿಯೊಬ್ಬ ಹೊಸ್ತಿಲವರ ಕೈಗೂ ಒಂದನ್ನು ತೊಡಿಸಿರುತ್ತಾರೆ. ಕರೆ ಬಂದಾಗ ಅದು ಬಿಸಿಯಾಗುತ್ತದೆ, ನೀವು ಎಲ್ಲೇ ಇರಿ.

ಗಾಳಿಹಡಗಿನಲ್ಲಿ ಒಂದೂವರೆ ದಿನದ ದಾರಿ. ನಿಮ್ಮ ಕಾಲದಲ್ಲಿ ಆಕಾಶದಲ್ಲಿ ಹಾರಿಹೋಗುತ್ತಿದ್ದಿರಂತೆ, ಕೆಳಗೆ ಏನಿದೆಯೆಂದು ನೋಡಲೂ ಆಗದಷ್ಟು ಎತ್ತರದಲ್ಲಿ. ನಮ್ಮ ಹಡಗು ನಿಧಾನ. ಪಟ ತುಂಬಿದಾಗ ಹೋಗುತ್ತದೆ, ಗಾಳಿ ಬಿದ್ದಾಗ ಜನ ಇಸ್ಪೀಟು ಆಡುತ್ತಾರೆ. ಒಂದು ಕಡೆ ನೀರು ತಿಳಿಯಾಗಿತ್ತು. ಕೆಳಗೆ ನಿಮ್ಮ ಕಾಲದ ಹೆದ್ದಾರಿಯೊಂದರ ಸೇತುವೆ ಕಾಣಿಸಿತು, ಅದರ ಕಂಬಗಳ ನಡುವೆ ಬಂಗಡೆಯ ಹಿಂಡು. ಅಲ್ಲಿ ವಾಹನಗಳ ಸಾಲು ನಿಂತು ಜನ ಬೈದುಕೊಂಡಿರುತ್ತಾರೆ ಎಂದು ಊಹಿಸಿ ನನಗೆ ನಗು ಬಂತು. ದಾರಿಯುದ್ದಕ್ಕೂ ಎಡಗೈಯಿಂದ ಬಲಗೈ ಬಳೆಯನ್ನು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೆ. ತಣ್ಣಗಿತ್ತು.

ಕಲ್ಲೇರಿಯ ಕಟ್ಟೆಯಲ್ಲಿ ಆಯಿ ಹೊಸ ಓಲೆ ಹಾಕಿಕೊಂಡು ನಿಂತಿದ್ದಳು. ನನ್ನನ್ನು ತಬ್ಬಿಕೊಂಡು, ಮೂಸಿ, "ಎಂತಾ ಉಪ್ಪು ಹತ್ತಿದ್ಯೇ ಹೆಣ್ಣೇ," ಎಂದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಜಟ್ಟಪ್ಪ ಅಂಬಿಗ. ಕಲ್ಲೇರಿಯ ಹಿನ್ನೀರಿನ ಕೋಡಿ ದಾಟಿಸುವ ದೋಣಿ ಅವರದು. ಹೆಂಡತಿ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಳು ಬಾಗಿಲು ತುಂಬುವಷ್ಟು ದೊಡ್ಡವರು, ಆದರೆ ನನ್ನ ಮುಂದೆ ಮಾತೇ ಹೊರಡಲಿಲ್ಲ. ಆಯಿಯೇ ಕತೆ ಹೇಳಿದಳು. ಎರಡು ವರ್ಷ ಅವಳು ಆಚೆ ದಡದಲ್ಲಿ ಏನೂ ಕೆಲಸವಿಲ್ಲದಿದ್ದರೂ ದಿನಾ ಸಂಜೆ ದೋಣಿ ಹತ್ತುತ್ತಿದ್ದಳಂತೆ. ಆಚೆ ಹೋಗಿ, ಇಳಿಯದೆ, ಅದೇ ದೋಣಿಯಲ್ಲಿ ವಾಪಸು. ಎರಡು ವರ್ಷದ ಮೇಲೆ ಜಟ್ಟಪ್ಪನವರಿಗೆ ಅನುಮಾನ ಬಂದು ಕೇಳಿದರಂತೆ.

ಮಾರನೆಯ ಬೆಳಿಗ್ಗೆ ಅವರು ಬಿಳಿ ಅಂಗಿ ತೊಟ್ಟು ಬಂದು ನನ್ನೆದುರು ಚಾಪೆಯ ಮೇಲೆ ಕುಳಿತರು. ಬೆವರು ಒರೆಸಿಕೊಂಡು, "ನಿಮ್ಮ ಆಯಿನ ನಂಗೆ ಕೊಡ್ತ್ರಾ?" ಎಂದು ಕೇಳಿದರು.

ಮನೆಯಲ್ಲಿ ಹಿರಿಯರು ಯಾರೂ ಇರಲಿಲ್ಲ. ಆ ಜಾಗದಲ್ಲಿ ನಾನೇ ಕುಳಿತಿದ್ದೆ. ಆಯಿ ಬಾಗಿಲ ಹಿಂದಿನಿಂದ ಇಣುಕುತ್ತಿದ್ದಳು. ನಾನು ಮುಖ ಗಂಭೀರ ಮಾಡಿ, "ಅಡಿಗೆ ಬರ್ತದಾ?" ಎಂದೆ.

"ಬಂಗಡೆ ಸಾರು ಬತ್ತದೆ. ಅನ್ನ ಸಮಾ ಬತ್ತದೆ. ದೋಸೆ ಹರೀತದೆ."

"ಹಾಡು?"

"ದೋಣಿಲಿ ಒಬ್ನೇ ಇದ್ರೆ."

"ಸುಳ್ಳು," ಎಂದಳು ಆಯಿ ಬಾಗಿಲ ಹಿಂದಿನಿಂದ. "ನಾ ಇದ್ರೂ ಹಾಡ್ತಾ."

ಕೊಟ್ಟೆ ಎಂದೆ. ಆ ದೊಡ್ಡ ಆಳು ಚಾಪೆಯಿಂದ ಎದ್ದು ಎಲ್ಲಿ ಹೋಗಬೇಕೆಂದು ತಿಳಿಯದೆ ಅಡುಗೆಮನೆಗೆ ನುಗ್ಗಿದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮದುವೆಯ ಮುನ್ನಾದಿನ ಅರಿಸಿನ. ಅಂಗಳದಲ್ಲಿ ಆಯಿಯನ್ನು ಮಣೆಯ ಮೇಲೆ ಕೂರಿಸಿ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿದ್ದರು. ಗುಮಟೆ ಬಾರಿಸುವವರು ಆಗಲೇ ಬಂದು ವಾದ್ಯದ ಚರ್ಮವನ್ನು ಬಿಸಿಲಿಗೆ ಕಾಯಿಸುತ್ತಿದ್ದರು. ನಾನು ಆಯಿಯ ಕೆನ್ನೆಗೆ ಅರಿಸಿನ ಹಚ್ಚುತ್ತಿದ್ದಾಗ ಮಣಿಕಟ್ಟು ಸುಟ್ಟಂತಾಯಿತು. ಕೈ ಹಿಂದಕ್ಕೆ ಎಳೆದುಕೊಂಡೆ.

"ಅರಿಸಿನ ಉರೀತದಾ?" ಎಂದಳು ಆಯಿ.

"ಇಲ್ಲ ಆಯಿ. ಬಳೆ."

ಅವಳಿಗೆ ತಕ್ಷಣ ತಿಳಿಯಿತು. ನನ್ನ ಲೆಕ್ಕ ಸರಳವಾಗಿತ್ತು: ಮುಂದಿನ ಗಾಳಿಹಡಗು ಬರುವುದು ನಾಲ್ಕು ದಿನಕ್ಕೆ. ಅಷ್ಟರಲ್ಲಿ ಮೂರನೆಯ ಸಂಜೆ ಕಳೆದಿರುತ್ತದೆ. "ಹೋಗ್ಲಿ ಬಿಡು ಆಯಿ," ಎಂದೆ. "ಮತ್ತೆ ಅರ್ಜಿ ಹಾಕ್ತೆ. ನಿನ್ನ ಮದ್ವೆ ಬಿಟ್ಟು ನಾ ಎಲ್ಲಿಗೂ ಹೋಗುದಿಲ್ಲ." ಹತ್ತು ವರ್ಷ ಎಂದರೆ ಸಣ್ಣದಲ್ಲ. ಇನ್ನೊಂದು ಹತ್ತು ವರ್ಷದ ಹೊತ್ತಿಗೆ ಆಯಿಗೆ ಎಷ್ಟು ವಯಸ್ಸಾಗಿರುತ್ತದೆ ಎಂಬ ಲೆಕ್ಕವನ್ನು ನಾನು ಮಾಡಲೇ ಇಲ್ಲ.

ಆಯಿ ಅರಿಸಿನ ಮುಖದಲ್ಲೇ ಎದ್ದು ನಿಂತಳು. "ಮರುಳಾ ನಿಂಗೆ? ಮತ್ತೆ ಹತ್ತು ವರ್ಷ ಕಾಯ್ತ್ಯಾ? ಮದ್ವೆ ಮುಂದೆ ಹಾಕುವ. ಏ ಜಟ್ಟಪ್ಪಾ!"

ಜಟ್ಟಪ್ಪನವರು ಬೇಲಿಯಾಚೆ ನಿಂತು ಕೇಳಿಸಿಕೊಂಡಿದ್ದರು. ನಾನು ಊರಿಗೆ ಬಂದ ಮೇಲೆ ನನ್ನ ಕಡೆಗೆ ಅವರಾಡಿದ ಮೊದಲ ಉದ್ದದ ಮಾತು ಅದು: "ಮುಂದೆ ಹಾಕುದು ಬ್ಯಾಡ. ದೋಣಿ ನಂದೇ. ಕಡಲು ಈಗ ಎಣ್ಣೆ ಹಾಕ್ದಂಗೆ ಅದೆ. ಪಟನೂ ಅದೆ, ಬಿಸಿಲು ಯಂತ್ರನೂ ಅದೆ. ಈಗ ಹೊರಟ್ರೆ ಮೂರನೇ ಸಂಜೆಯೊಳಗೆ ಮುಟ್ತೇವು. ಮದ್ವೆಗೆ ಬೇಕಾದ್ದು ಹೆಣ್ಣು, ಗಂಡು, ತಾಳಿ. ಮೂರೂ ದೋಣಿಲೇ ಇರ್ತದಲ್ಲ."

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾವು ಮೂವರೇ ಹೋಗುತ್ತೇವೆ ಎಂದುಕೊಂಡಿದ್ದೆ. ದಡಕ್ಕೆ ಬಂದು ನೋಡಿದರೆ ಹೆಂಗಸರು ಪಾತ್ರೆ ಹೊತ್ತು ನಿಂತಿದ್ದರು. ಪಾಯಸಕ್ಕೆ ಇಟ್ಟ ಬೆಲ್ಲ, ನೆನೆಹಾಕಿದ ಅಕ್ಕಿ, ಹೂವಿನ ಬುಟ್ಟಿ, ಗುಮಟೆ, ಇಬ್ಬರು ಅಜ್ಜಿಯರು, ಒಂದು ಕೂಸು. "ಮದ್ವೆಗೆ ಕರೆದವ್ರು ನೀವು, ಈಗ ಬ್ಯಾಡ ಅಂದ್ರೆ ಹೆಂಗೆ?" ಎಂದು ಗುಮಟೆಯವರು ಜಗಳಕ್ಕೇ ನಿಂತರು. ದೋಣಿ ತುಂಬಿತು. ಹೊರಟೆವು.

ಮುಹೂರ್ತ ಮಾರನೆಯ ದಿನ ಸೂರ್ಯೋದಯಕ್ಕೆ. ಆ ಹೊತ್ತಿಗೆ ನಾವು ಎರಡೂ ನಾಡುಗಳ ಗಡಿ ಮೀರಿದ ನಡುಗಡಲಿನಲ್ಲಿದ್ದೆವು. ಸುತ್ತ ಎಲ್ಲಿ ನೋಡಿದರೂ ನೀರು, ಮೂಡಣ ಕೆಂಪಾಗುತ್ತಿತ್ತು. ಜಟ್ಟಪ್ಪನವರು ಚುಕ್ಕಾಣಿ ಬಿಡುವ ಹಾಗಿರಲಿಲ್ಲ, ಆದ್ದರಿಂದ ಮದುವೆಯೇ ಚುಕ್ಕಾಣಿಯ ಹತ್ತಿರ ಹೋಯಿತು. ಧಾರೆ ಎರೆದು ಕೊಡಬೇಕಾದವಳು ನಾನು. ಕುಡಿಯುವ ನೀರಿನ ಕೊಡದಿಂದ ತಂಬಿಗೆ ತುಂಬಿ, ಆಯಿಯ ಕೈಯನ್ನು ಅವರ ಎಡಗೈಯ ಮೇಲಿಟ್ಟು ಧಾರೆ ಎರೆದೆ. ಬಲಗೈ ಏಕೆ ಕೊಡಲಿಲ್ಲ ಎಂದು ಅಜ್ಜಿಯೊಬ್ಬರು ಗೊಣಗಿದರು. "ಬಲಗೈ ಕೊಟ್ರೆ ದೋಣಿ ಆಫ್ರಿಕಾಕ್ಕೆ ಹೋಗ್ತದೆ ಅಜ್ಜೀ," ಎಂದರು ಜಟ್ಟಪ್ಪನವರು. ತಾಳಿ ಕಟ್ಟಲು ಮಾತ್ರ ಎರಡೂ ಕೈ ಬೇಕಲ್ಲ. ಆಗ ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟರು. "ಸೂರ್ಯ ಬೆನ್ನಿಗಿರ್ಲಿ ಮಗಾ," ಎಂದರು. ಮಗಾ ಎಂದು ಕರೆದದ್ದು ಅದೇ ಮೊದಲು. ನಾನು ಸೂರ್ಯನಿಗೆ ಬೆನ್ನು ಕೊಟ್ಟು ಚುಕ್ಕಾಣಿ ಹಿಡಿದು ನಿಂತೆ, ಗುಮಟೆ ಭೋರ್ಗರೆಯಿತು, ನನ್ನ ಕಣ್ಣೆದುರಲ್ಲೇ ನನ್ನ ಆಯಿಗೆ ಮದುವೆಯಾಯಿತು. ಅವಳು ತಲೆ ತಗ್ಗಿಸಬೇಕಾದ ಹೊತ್ತಿನಲ್ಲಿ ತಲೆ ಎತ್ತಿ ನನ್ನನ್ನು ನೋಡಿ ಕಣ್ಣು ಹೊಡೆದಳು.

ಆ ದಿನವೂ ರಾತ್ರಿಯೂ ಗಾಳಿ ಚೆನ್ನಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಪೂರಾ ಬಿತ್ತು. ಪಟ ಜೋತುಬಿದ್ದಿತು. ಬಿಸಿಲು ಯಂತ್ರ ಅಷ್ಟು ಜನರ ಭಾರ ಎಳೆಯಲಾರದೆ ಕುಂಟುತ್ತಿತ್ತು. ಯಾರೂ ಹೇಳದೆಯೇ ಗುಮಟೆಯವರು ಹುಟ್ಟು ಹಿಡಿದರು, ಹೆಂಗಸರು ಪಾಳಿಯ ಮೇಲೆ ಕೂತರು. ಮದುಮಗಳೂ ಹುಟ್ಟು ಹಾಕಿದಳು. ಯಾರೋ ಹೇಳಿದ ಹಾಡಿಗೆ ಎಲ್ಲರೂ ದನಿ ಕೂಡಿಸಿದರು, ಜಟ್ಟಪ್ಪನವರೂ. ಅವರ ದನಿ ನಿಜಕ್ಕೂ ಚೆನ್ನಾಗಿದೆ.

ತೇಲ್ನಾಡಿನ ಕಟ್ಟೆ ಕಂಡಾಗ ಸೂರ್ಯ ಇನ್ನೂ ನೀರಿನಿಂದ ಒಂದು ಗೇಣು ಮೇಲಿದ್ದ. ಕಾವಲಿನವನು ದೋಣಿಯನ್ನು ತಡೆದು, "ಮರಳುಮುದ್ರೆ ಇದ್ದವರು ಮಾತ್ರ ಇಳೀಬೇಕು," ಎಂದ. ಇದ್ದದ್ದು ನನಗೊಬ್ಬಳಿಗೆ. "ಓಡೇ!" ಎಂದು ಆಯಿ ಕೂಗಿದಳು. ಅರಿಸಿನ ಮೆತ್ತಿದ ಸೀರೆಯಲ್ಲೇ ಓಡಿದೆ. ತೇಲುವ ಬೀದಿಯಲ್ಲಿ ಓಡುವುದು ಸುಲಭವಲ್ಲ, ಕಾಲಿಟ್ಟಲ್ಲೆಲ್ಲ ನೆಲ ತಗ್ಗುತ್ತದೆ. ಪ್ರಮಾಣದ ಮನೆಯ ಬಾಗಿಲಲ್ಲಿ ರೊಜಿನಬಾಯಿ ನಿಂತಿದ್ದರು, ಒಂದು ಕಣ್ಣು ಬೀದಿಯ ಮೇಲೆ, ಇನ್ನೊಂದು ಸೂರ್ಯನ ಮೇಲೆ.

"ಮೊದಲು ಉಸಿರು ತಗೋ, ಆಮೇಲೆ ಪ್ರಮಾಣ," ಅಂದರು.

ನಮ್ಮ ಪ್ರಮಾಣ ಚಿಕ್ಕದು. ಒಂದು ಕೈಯನ್ನು ನೀರಿನಲ್ಲಿಟ್ಟು ಹೇಳಬೇಕು: ಈ ನೀರಿನ ಮೇಲೆ ಬಾಳುವವರ ಜೊತೆ ಬಾಳುತ್ತೇನೆ, ಮುಳುಗುವವರಿಗೆ ಕೈ ಕೊಡುತ್ತೇನೆ. ಅಷ್ಟೇ. ಹೇಳಿ ಮುಗಿಸಿದಾಗ ರೊಜಿನಬಾಯಿ ಕರೆಬಳೆಯನ್ನು ಬಿಚ್ಚಿ ತೆಗೆದರು. ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

"ಈಗ ನೀನು ತೇಲ್ನಾಡಿನವಳು," ಎಂದರು. "ಏನಾದ್ರೂ ಕೇಳೂದು ಉಂಟಾ?"

"ಅತಿಥಿಗಳನ್ನು ಕರೀಬೇಕಿತ್ತು ಬಾಯಿ."

"ಎಷ್ಟು ಜನ?"

"ಒಂದು ದೋಣಿ ತುಂಬ."

ಅವರು ನನ್ನ ಜೊತೆ ಕಟ್ಟೆಗೆ ಬಂದು ನೋಡಿದರು. ದೋಣಿಯಲ್ಲಿ ಹೂವು, ಪಾತ್ರೆ, ಅಜ್ಜಿಯರು, ಅಳುವ ಕೂಸು, ನಡುವೆ ಬಾಸಿಂಗ ಕಟ್ಟಿಕೊಂಡ ನನ್ನ ಆಯಿ. "ಕಾನೂನಲ್ಲಿ ಇಷ್ಟೇ ಜನ ಅಂತ ಬರೆದಿಲ್ಲ," ಎಂದು ರೊಜಿನಬಾಯಿ ತುರುಬಿನಿಂದ ಪೆನ್ನು ಎಳೆದರು. "ಬರೆದವರಿಗೆ ನಿಮ್ಮಮ್ಮ ಗೊತ್ತಿರ್ಲಿಲ್ಲ." ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದೆ. ಮೊದಲು ಆಯಿಯನ್ನು.

ಊಟ ನನ್ನ ಮನೆಯಲ್ಲಿ. ಎಲ್ಲರೂ ಒಳಗೆ ಬಂದಾಗ ಮನೆ ನಾಲ್ಕು ಬೆರಳು ಕೆಳಗಿಳಿದು, ಹೊಸ್ತಿಲ ಮೇಲೆ ಕಡಲು ಬಂತು. ತಳನೋಟದವಳ ಮನೆಯೇ ಮುಳುಗಿದರೆ ಗತಿಯೇನೆಂದು ನಾನು ಕೂಗಾಡಿ ಅರ್ಧ ಜನರನ್ನು ನೆರೆಮನೆಗೆ ಓಡಿಸಿದೆ. ನೆರೆಯವರು ತಮ್ಮ ಒಲೆಯನ್ನೂ ಹಚ್ಚಿದರು. ಆಯಿ ಮನೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಮಂಜುಬಲೆಯ ಬಸಳೆ ಕಿತ್ತು, ದಂಟು ಬಲಿತಿದೆ ಎಂದು ಬೈದಳು. ನನಗೆ ಅದಕ್ಕಿಂತ ದೊಡ್ಡ ಆಶೀರ್ವಾದ ಬೇಕಿರಲಿಲ್ಲ.

ಈಗ ನನಗೆ ಐವತ್ತು ದಾಟಿದೆ. ಅವರಿಬ್ಬರೂ ಇದ್ದಾರೆ. ಒಮ್ಮೆ ಅವರು ಇಲ್ಲಿ, ಒಮ್ಮೆ ನಾನು ಅಲ್ಲಿ. ಇಲ್ಲಿಯೇ ಪೌರತ್ವಕ್ಕೆ ಅರ್ಜಿ ಹಾಕು ಎಂದರೆ ಆಯಿ ಕೇಳುವುದಿಲ್ಲ. "ನಂಗೆ ಎರಡು ದಡನೂ ಬೇಕು" ಎನ್ನುತ್ತಾಳೆ.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಹೊಸ್ತಿಲ ಮೇಲೆ ನಿಂತು ಕಾಯುವಾಗ ಗಾಳಿಮಾತು ನಂಬಬೇಡಿ. ಕಚೇರಿಯ ಬಾಗಿಲು ತಟ್ಟಿ, ಬಾಯಿಬಿಟ್ಟು ಕೇಳಿ. ಮರಳಿ ಬರಲು ಬೇಕಾದ ಮುದ್ರೆಗೆ ನಿಮ್ಮಲ್ಲಿ ಯಾವ ಹೆಸರಿದೆಯೋ ತಿಳಿಯದು, ಅದನ್ನು ಪಡೆಯದೆ ಹೊರಡಬೇಡಿ. ಹೋಗುವಲ್ಲಿನ ವಿಳಾಸ ತಿಳಿಸಿ. ಎಲ್ಲರಿಗೂ ಜಟ್ಟಪ್ಪನವರಂಥ ದೋಣಿಯವರು ಸಿಗುವುದಿಲ್ಲ ಎಂಬುದು ನನಗೆ ಗೊತ್ತು. ಹೋಗಲಾರದೆ ಉಳಿದವರನ್ನು ನಾನು ಹಳಿಯಲಾರೆ. ಅವರ ಸಂಕಟ ನನ್ನ ಮಣಿಕಟ್ಟಿಗೂ ಗೊತ್ತಿದೆ. ಆದರೆ ದಾರಿ ಇದ್ದೂ ಬರೀ ಅಂಜಿಕೆಯಿಂದ ಕುಳಿತಿದ್ದರೆ, ಆಚೆ ದಡದಲ್ಲಿ ನಿಮಗಾಗಿ ತಾಳಿ ತಡೆದು ಕುಳಿತವರನ್ನು ನೆನೆಯಿರಿ.

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವರು ಬರಿದೇ ಹೋಗುತ್ತೇನೆ ಎನ್ನುವುದಿಲ್ಲ. ಬೀಳ್ಕೊಡುವವರೂ ಹೋಗಿ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಇನ್ನೂರು ವರ್ಷದಲ್ಲಿ ಎಷ್ಟೋ ಮಾತು ಸವೆದು ಹೋಗಿದ್ದರೂ ಈ ಮಾತು ನಿಮ್ಮಲ್ಲಿ ಇದ್ದ ಹಾಗೆಯೇ ನಮ್ಮಲ್ಲೂ ಉಳಿದಿದೆ. ಅದನ್ನೇ ನಿಮಗೆ ಹೇಳಿ ಮುಗಿಸುತ್ತೇನೆ.

ಹೋಗಿ ಬನ್ನಿ.

ಗಿರಿಜೆ ತುಳಸಿ ಹರಿಕಂತ್ರ
ತಳನೋಟದವಳು